ಗುಡ್ಡದ ಕಾವಲುಗಾರರು

ಮಕ್ಕಳೇ, ಆಟಿ ತಿಂಗಳಲ್ಲಿ ಬಿಡದೆ ಸುರಿಯುವ ಮಳೆಯನ್ನು ನೀವು ನೋಡಿದ್ದೀರಿ. ಅಂತಹ ಮಳೆಗೆ ಗುಡ್ಡ ಜರಿದು ಮನೆಗಳು ಮಣ್ಣಿನಡಿಗೆ ಸೇರಿದ ಸುದ್ದಿಯನ್ನೂ ಕೇಳಿರಬಹುದು. ಗುಡ್ಡ ಜರಿಯುವುದು ಕ್ಷಣಮಾತ್ರದಲ್ಲಿ. ಆದರೆ ಅದರ ತಯಾರಿ ಮಣ್ಣಿನೊಳಗೆ ಮೊದಲೇ ನಡೆದಿರುತ್ತದೆ. ಮಳೆನೀರು ಇಂಗಿ ಮಣ್ಣಿನ ಕಣಗಳ ನಡುವೆ ತುಂಬುತ್ತದೆ. ನೀರಿನ ಒತ್ತಡ ಹೆಚ್ಚಿದಂತೆ ಕಣಗಳ ಹಿಡಿತ ಸಡಿಲವಾಗುತ್ತದೆ. ಇದು ನಮ್ಮ ಕಣ್ಣಿಗೆ ಕಾಣದು. ಹಾಗಾದರೆ ಹಗಲಿರುಳು ಗುಡ್ಡದೊಳಗೆ ಕುಳಿತು ಕಾಯುವವರು ಯಾರು?

ಇಡುಕ್ಕಿ ಜಿಲ್ಲೆಯ ಮುನ್ನಾರ್ ಗುಡ್ಡಗಾಡು ಪ್ರದೇಶ. ಅಮೃತ ವಿಶ್ವವಿದ್ಯಾಲಯದ ಸಂಶೋಧಕರು 2008 ಮತ್ತು 2009ರಲ್ಲಿ ಅಲ್ಲಿನ ಒಂದು ಗುಡ್ಡದಲ್ಲಿ ಆಳವಾದ ಕುಳಿಗಳನ್ನು ಕೊರೆದು ಸಂವೇದಕಗಳನ್ನು ಇಳಿಸಿದರು. ಒಂದು ಸಂವೇದಕ ಮಣ್ಣಿನ ತೇವವನ್ನು ಅಳೆಯುತ್ತದೆ. ಇನ್ನೊಂದು ನೀರಿನ ಒತ್ತಡವನ್ನು, ಮತ್ತೊಂದು ನೆಲದ ವಾಲುವಿಕೆಯನ್ನು ಅಳೆಯುತ್ತದೆ.

ಈ ಅಳತೆಗಳನ್ನು ಕಳುಹಿಸಲು ತಂತಿ ಬೇಡ. ಸಂವೇದಕಕ್ಕೆ ಜೋಡಿಸಿದ ಪುಟ್ಟ ರೇಡಿಯೋ ತನ್ನ ಸಂದೇಶವನ್ನು ಪಕ್ಕದ ರೇಡಿಯೋಗೆ ದಾಟಿಸುತ್ತದೆ. ಬಾವಿಯಿಂದ ಮನೆಯವರೆಗೆ ಸಾಲಾಗಿ ನಿಂತು ಕೊಡ ದಾಟಿಸುವಂತೆ ಸಂದೇಶ ಕೈಯಿಂದ ಕೈಗೆ ಸಾಗುತ್ತದೆ. ಕೊನೆಗೆ ಉಪಗ್ರಹದ ಮೂಲಕ ಕೊಲ್ಲಂ ಜಿಲ್ಲೆಯ ಅಮೃತಪುರಿಯಲ್ಲಿರುವ ಕೇಂದ್ರವನ್ನು ತಲಪುತ್ತದೆ. ಇದೇ ನಿಸ್ತಂತು ಸಂವೇದಕ ಜಾಲ.

ಈ ಕಾವಲುಗಾರರಿಗೂ ಎರಡು ಕಷ್ಟಗಳಿವೆ. ಒಂದು, ಊಟದ್ದು. ಅವುಗಳ ಊಟ ಬ್ಯಾಟರಿಯ ವಿದ್ಯುತ್ತು. ರೇಡಿಯೋ ಸದಾ ಮಾತನಾಡುತ್ತಿದ್ದರೆ ಬ್ಯಾಟರಿ ಬೇಗ ಬರಿದಾಗುತ್ತದೆ. ಆದ್ದರಿಂದ ಬಿಸಿಲಿನ ದಿನಗಳಲ್ಲಿ ಅವು ಹೆಚ್ಚು ಹೊತ್ತು ನಿದ್ರಿಸುತ್ತವೆ, ಆಗಾಗ ಎದ್ದು ಅಳೆಯುತ್ತವೆ. ಮಳೆ ಹೆಚ್ಚಿ ಅಳತೆ ಗೊತ್ತುಪಡಿಸಿದ ಮಿತಿಯನ್ನು ದಾಟಿದರೆ ಮತ್ತೆ ಮತ್ತೆ ಅಳೆದು ತಿಳಿಸುತ್ತವೆ.

ಇನ್ನೊಂದು ಕಷ್ಟ, ನಂಬಿಕೆಯದ್ದು. ರೇಡಿಯೋ ಅಲೆ ಎಲ್ಲರಿಗೂ ಸಿಗುವಂಥದ್ದು. ಯಾರಾದರೂ ಸುಳ್ಳು ಸಂದೇಶವನ್ನು ನಡುವೆ ಸೇರಿಸಿದರೆ? “ಹುಲಿ ಬಂತು ಹುಲಿ” ಎಂದ ಹುಡುಗನ ಕತೆ ನಿಮಗೆ ಗೊತ್ತಲ್ಲ! ಸುಳ್ಳು ಕರೆಗೆ ಎರಡು ಸಲ ಓಡಿದವರು ನಿಜವಾದ ಕರೆಗೆ ಓಡುವುದಿಲ್ಲ. ಅದಕ್ಕಾಗಿ ಇಂತಹ ಜಾಲಗಳಲ್ಲಿ ಗುಟ್ಟಿನ ಕೀಲಿಯನ್ನು ಬಳಸುವ ಉಪಾಯವಿದೆ. ಸಂದೇಶ ಮತ್ತು ಕೀಲಿಯನ್ನು ಸೇರಿಸಿ ಲೆಕ್ಕ ಮಾಡಿದಾಗ ಒಂದು ಗುರುತು ಸಿಗುತ್ತದೆ. ಪಡೆಯುವವರೂ ಅದೇ ಲೆಕ್ಕ ಮಾಡುತ್ತಾರೆ. ಗುರುತು ತಾಳೆಯಾಗದಿದ್ದರೆ ಸಂದೇಶವನ್ನು ತಳ್ಳಿಹಾಕುತ್ತಾರೆ. ಆದರೆ ಈ ಲೆಕ್ಕಕ್ಕೂ ಬ್ಯಾಟರಿ ಬೇಕು. ಕಡಿಮೆ ವಿದ್ಯುತ್ತಿನಲ್ಲಿ ಭದ್ರವಾದ ಬೀಗ ಹಾಕುವುದು ಹೇಗೆ ಎಂದು ಸಂಶೋಧಕರು ಇಂದಿಗೂ ಹುಡುಕುತ್ತಿದ್ದಾರೆ.

2009ರ ಜುಲೈಯಲ್ಲಿ ಮುನ್ನಾರಿನಲ್ಲಿ ಭಾರೀ ಮಳೆ ಸುರಿಯಿತು. ಗುಡ್ಡದೊಳಗಿನ ಅಳತೆಗಳು ಏರಿದವು. ಅವನ್ನು ನೋಡಿ ಸಂಶೋಧಕರು ಎಚ್ಚರಿಕೆ ನೀಡಿದರು. ಸಂವೇದಕ ಗುಡ್ಡವನ್ನು ತಡೆದು ನಿಲ್ಲಿಸಲಾರದು. ಅದು ಕೊಡುವುದು ಸ್ವಲ್ಪ ಸಮಯವನ್ನು ಮಾತ್ರ. ಆ ಸಮಯದಲ್ಲಿ ಮನೆಬಿಟ್ಟು ಸುರಕ್ಷಿತ ಜಾಗಕ್ಕೆ ಹೋಗಬೇಕಾದವರು ನಾವೇ.

ಹೊಸ ಪದಗಳು
ಸಂವೇದಕ – ಸುತ್ತಲಿನ ಬದಲಾವಣೆಯನ್ನು ಗುರುತಿಸುವ ಸಾಧನ
ನಿಸ್ತಂತು – ತಂತಿಯಿಲ್ಲದ

ಉತ್ತರಿಸಿರಿ
1. ಮಳೆನೀರು ಇಂಗಿದಾಗ ಮಣ್ಣಿನ ಹಿಡಿತ ಏಕೆ ಸಡಿಲವಾಗುತ್ತದೆ?
2. ಸಂವೇದಕಗಳು ಬಿಸಿಲಿನ ದಿನಗಳಲ್ಲಿ ಹೆಚ್ಚು ಹೊತ್ತು ನಿದ್ರಿಸುವುದೇಕೆ?

ಮಾಡಿ ನೋಡಿರಿ
ಐವರು ಸಾಲಾಗಿ ನಿಲ್ಲಿರಿ. ಮೊದಲನೆಯವರು ಒಂದು ವಾಕ್ಯವನ್ನು ಪಿಸುಗುಟ್ಟಲಿ. ಕೊನೆಯವರಿಗೆ ಅದೇ ವಾಕ್ಯ ತಲಪಿತೇ? ನಡುವೆ ಬದಲಾದರೆ ತಿಳಿಯುವುದು ಹೇಗೆ? ಚರ್ಚಿಸಿ ಟಿಪ್ಪಣಿ ತಯಾರಿಸಿರಿ.