ಮುಯ್ಯಿ ಪುಸ್ತಕದ ಲೆಕ್ಕಾಚಾರ

ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ನಾಗಮಂಗಲ, ಚನ್ನರಾಯಪಟ್ಟಣದ ಕಡೆಯ ನೆಂಟರ ಮದುವೆಗಳಲ್ಲಿ ಮುಯ್ಯಿ ಬರೆಯುವ ಕೆಲಸ ಬಹಳ ವರ್ಷ ನನ್ನ ಪಾಲಿಗೆ ಬಂತು. ಮಂಟಪದ ಪಕ್ಕ ಒಂದು ಮೇಜು, ಉದ್ದನೆಯ ನೋಟ್‌ಬುಕ್ಕು. ಹೆಸರು, ಊರು, ಮೊತ್ತ. ಊಟದ ಪಂಕ್ತಿಗೆ ಹೊರಟವರೂ ಮೊದಲು ಇಲ್ಲಿಗೆ ಬಂದು, ‘ಸರಿಯಾಗಿ ಬರ್ಕಂಡ್ರಾ?’ ಎಂದು ಬಗ್ಗಿ ನೋಡಿಯೇ ಮುಂದೆ ಹೋಗುತ್ತಿದ್ದರು.

ಎಷ್ಟು ಕೊಡಬೇಕೆಂದು ಈ ಸೀಮೆಯವರು ಜೇಬು ಮುಟ್ಟಿ ನೋಡಿ ತೀರ್ಮಾನಿಸುವುದು ಕಡಿಮೆ. ಲಗ್ನಪತ್ರಿಕೆ ಬಂದ ರಾತ್ರಿ ಟ್ರಂಕಿನಿಂದ ಹಳೆಯ ಪುಸ್ತಕ ಹೊರಬರುತ್ತದೆ. ನನ್ನ ಸೋದರತ್ತೆ ಮಗನಿಗೆ ಹೇಳುವ ಮಾತು ಪ್ರತಿ ಸಲವೂ ಒಂದೇ: ‘ಅವ್ರು ನಮ್ಮ ಮದ್ವೇಲಿ ಎಷ್ಟು ಓದ್ಸವ್ರೆ ನೋಡ್ಲಾ.’ ಅಲ್ಲಿ 501 ಇದ್ದರೆ ಈಗ 1,001 ಆಗಬೇಕು. ಬರೆದಷ್ಟನ್ನೇ ತಿರುಗಿಸಿದರೆ ‘ಲೆಕ್ಕ ಚುಕ್ತಾ, ಇನ್ನು ನಮ್ಮನೆ ಕಡೆ ಬರ್ಬೇಡಿ ಅಂದಂಗೆ’ ಎಂಬುದು ಅತ್ತೆಯ ವಾದ. ಮೇಲಿನ ಆ ಒಂದು ರೂಪಾಯಿ ಎಷ್ಟು ಮುಖ್ಯವೆಂದರೆ, ಅಂಗಡಿಗಳಲ್ಲಿ ನಾಣ್ಯ ಅಂಟಿಸಿಯೇ ಕವರು ಮಾರುತ್ತಾರೆ.

ಇದೇ ಏರ್ಪಾಡು ಹೊಲಗದ್ದೆಯಲ್ಲೂ ಇತ್ತು. ಕಳೆ, ನಾಟಿ, ಕೊಯ್ಲಿನ ಕಾಲಕ್ಕೆ ಹಳೇ ಮೈಸೂರು, ಮಲೆನಾಡಿನ ಊರುಗಳಲ್ಲಿ ಮುಯ್ಯಾಳು ಹೋಗುತ್ತಿದ್ದರು: ಇವತ್ತು ನಿಮ್ಮ ಗದ್ದೆಗೆ ನಾವಿಬ್ಬರು, ನಾಳೆ ನಮ್ಮ ಗದ್ದೆಗೆ ನೀವಿಬ್ಬರು. ಕೂಲಿಯ ಮಾತಿಲ್ಲ. ಬ್ಯಾಂಕು ಬಡವರನ್ನು ಹತ್ತಿರ ಸೇರಿಸದ ಕಾಲದಲ್ಲಿ ಮಗಳ ಮದುವೆಯ ಖರ್ಚಿನ ಒಂದು ಪಾಲು ಹೀಗೆಯೇ, ಬಡ್ಡಿಯಿಲ್ಲದೆ, ಒಂದೇ ದಿನಕ್ಕೆ ಕೈಸೇರುತ್ತಿತ್ತು.

ಬಡ್ಡಿಯಿಲ್ಲದ್ದರಿಂದ ನಷ್ಟವೂ ಉಂಟು. 2005ರಲ್ಲಿ ಹತ್ತು ಗ್ರಾಂ ಚಿನ್ನದ ಬೆಲೆ 7,000 ರೂಪಾಯಿಯ ಆಸುಪಾಸಿನಲ್ಲಿತ್ತು. 2025ರಲ್ಲಿ ಲಕ್ಷ ದಾಟಿತು. ಅಂದು 501 ಓದಿಸಿದವರು ಕೊಟ್ಟದ್ದು ಹೆಚ್ಚುಕಡಿಮೆ ಮುಕ್ಕಾಲು ಗ್ರಾಂ ಚಿನ್ನ. ಇಂದು 1,001 ತಿರುಗಿ ಬಂದರೆ ಅದರಲ್ಲಿ ಒಂದು ಗ್ರಾಂನ ಹತ್ತನೇ ಒಂದು ಪಾಲು ಸಿಕ್ಕರೆ ಹೆಚ್ಚು. ಹಳ್ಳಿಯ ಹೆಂಗಸರಿಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಿಲ್ಲ. ತೀರ ಹತ್ತಿರದವರ ನಡುವೆ ಉಂಗುರ, ಓಲೆಗಳೇ ಓಡಾಡುತ್ತವೆ, ತೂಕಕ್ಕೆ ತೂಕ. ಇನ್ನು ರವಿಕೆ ಕಣದ ಕತೆ ಬೇರೆ. ಮಡಿಲಕ್ಕಿಯಲ್ಲೋ ಅರಿಶಿನ ಕುಂಕುಮದ ಜೊತೆಗೋ ಬಂದದ್ದು ದರ್ಜಿಯ ಮುಖ ಕಾಣದೆ ಮನೆಯಿಂದ ಮನೆಗೆ ದಾಟುತ್ತಲೇ ಇರುತ್ತದೆ. (ಕೊಟ್ಟವರ ಮನೆಗೇ ಮರಳಿ ನಗೆಪಾಟಲಾದದ್ದೂ ಉಂಟು.)

ಸರಳ ಮದುವೆಯ ಬಗ್ಗೆ ನಮ್ಮಲ್ಲಿ ಗೌರವಕ್ಕೇನೂ ಕೊರತೆಯಿಲ್ಲ. ಕುವೆಂಪು ಮಂತ್ರ ಮಾಂಗಲ್ಯ ರೂಪಿಸಿದರು. 1966ರಲ್ಲಿ ಮಗ ತೇಜಸ್ವಿಯ ಮದುವೆ ಹಾಗೆಯೇ ನಡೆಯಿತು. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹಗಳು ನಡೆದುಬಂದಿವೆ. ಆದರೂ ನನ್ನ ನೆಂಟರಲ್ಲಿ ಈ ದಾರಿ ಹಿಡಿದವರು ಅಪರೂಪ. ಬರೀ ಒಣಜಂಭ ಎಂದು ಇದನ್ನು ತಳ್ಳಿಹಾಕಲಾರೆ. ಇಪ್ಪತ್ತು ವರ್ಷ ಎಲ್ಲರ ಮದುವೆಗೂ ಓದಿಸಿದವನು ಮಗಳ ಮದುವೆಯನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮುಗಿಸಿದರೆ, ಬರಬೇಕಾದ್ದೆಲ್ಲ ಊರ ಮೇಲೇ ಉಳಿಯುತ್ತದೆ. ಕೊಡಬೇಕಾದವರಿಗೂ ಅದು ಇಕ್ಕಟ್ಟು. ಹಾಗೆ ಸರಳವಾಗಿ ಮದುವೆ ಮಾಡಿದ ಮೇಷ್ಟ್ರೊಬ್ಬರ ಮನೆಗೆ ತಿಂಗಳುಗಟ್ಟಲೆ ಒಬ್ಬೊಬ್ಬರೇ ಕವರು ಹಿಡಿದು ಬರತೊಡಗಿದರು. ‘ನಿಮ್ಮ ಋಣ ಮಡಿಕ್ಕಂಡು ನಾವು ಇನ್ನೊಬ್ರ ಮದ್ವೆಗೆ ಯಾವ ಮುಖ ಹೊತ್ಕಂಡು ಹೋಗನ ಮೇಷ್ಟ್ರೇ?’ ಎಂದ ಮುದುಕರೊಬ್ಬರಿಗೆ ಅವರಲ್ಲಿ ಉತ್ತರವಿರಲಿಲ್ಲ. ಕೊನೆಗೆ ಬೀಗರೂಟ ಹಾಕಿಸಿದರು. ಉಳಿಸಿದ್ದ ದುಡ್ಡು ಕುರಿಗಳಿಗಾಯಿತು.

ಹಾಗಂತ ಈ ಪದ್ಧತಿಯನ್ನು ಹೊಗಳುವುದೂ ಕಷ್ಟ. ವೈಶಾಖದಲ್ಲಿ ಒಂದೇ ಲಗ್ನಕ್ಕೆ ನಾಲ್ಕಾರು ಪತ್ರಿಕೆ ಬಂದರೆ ಮನೆಮಂದಿ ದಿಕ್ಕಿಗೊಬ್ಬರಂತೆ ಹಂಚಿಹೋಗುತ್ತಾರೆ. ಕೂಲಿ ಮಾಡುವವರು ಸಂಘದಲ್ಲಿ ಸಾಲ ತೆಗೆದು ಓದಿಸಿದ್ದನ್ನು ಕಂಡಿದ್ದೇನೆ. ಅವರು ಉಸಿರು ಬಿಡುವುದು ಆಷಾಢದಲ್ಲೇ. ಮಕ್ಕಳಿಲ್ಲದವರು, ಮದುವೆಯಾಗದೆ ಉಳಿದವರು ಜೀವಮಾನವಿಡೀ ಕೊಟ್ಟದ್ದಕ್ಕೆ ತಿರುಗಿ ಬರುವ ದಾರಿಯೇ ಇಲ್ಲ. ನನ್ನ ಮಟ್ಟಿಗೆ ಇದರ ದೊಡ್ಡ ಅನ್ಯಾಯ ಅದು. ಅಂಥವರ ಹೆಸರು ಬರೆಯುವಾಗಲೂ ಅವರು ಉಳಿದವರಂತೆಯೇ ಬಗ್ಗಿ ನೋಡುತ್ತಿದ್ದರು.

ಈಗ ಬೆಂಗಳೂರಿನ ಕೆಲವು ಛತ್ರಗಳಲ್ಲಿ ಕ್ಯೂಆರ್ ಕೋಡ್ ಇಡುವುದುಂಟು. ಫೋನಿನಲ್ಲಿ ಹೆಸರು ಬೀಳುತ್ತದೆ, ಊರು ಬೀಳುವುದಿಲ್ಲ. ಹೀಗಾಗಿ ಪಕ್ಕದಲ್ಲಿ ನೋಟ್‌ಬುಕ್ಕೂ ಇರುತ್ತದೆ.

ಈಚೆಗೆ ನೆಂಟರ ಮನೆಯೊಂದರಲ್ಲಿ ಅಣ್ಣತಮ್ಮಂದಿರ ಪಾಲು ನಡೆಯಿತು. ತೆಂಗಿನ ತೋಟ, ಬೋರ್‌ವೆಲ್ಲಿನ ಸರದಿ ಬೇಗನೆ ಇತ್ಯರ್ಥವಾದವು. ಮುಯ್ಯಿ ಪುಸ್ತಕದ ಮಾತು ಬಂದಾಗ ಪಂಚಾಯ್ತಿಗೆ ಕೂತವರು ಇನ್ನೊಂದು ಸಲ ಕಾಫಿ ತರಿಸಬೇಕಾಯಿತು. ತಾಯಿಯ ತವರಿನ ಕಡೆಯ ಹೆಸರುಗಳು ದೊಡ್ಡವನಿಗೆ, ಊರೊಳಗಿನವು ಚಿಕ್ಕವನಿಗೆ ಎಂದಾಗಿ, ಪುಸ್ತಕದ ಎರಡು ಜೆರಾಕ್ಸ್ ತೆಗೆಸಿದರು. ಮದುವೆಗೆ ಬಂದ ಮಕ್ಕಳು ಯಾರ ಮನೆಯಲ್ಲಿ ಹೆಚ್ಚು ಎಂಬುದೂ ಆ ಹಂಚಿಕೆಯಲ್ಲಿ ಲೆಕ್ಕಕ್ಕೆ ಬಂತು.