ಕಬ್ಬಿಣದ ಅತಿವಾಹಕಗಳು

ಕಂಬಾರನ ಕುಲುಮೆಯಲ್ಲಿ ಕೆಂಪಗೆ ಕಾದ ನೇಗಿಲ ಕುಳವನ್ನು ಅಯಸ್ಕಾಂತವು ಸೆಳೆಯುವುದಿಲ್ಲ. ಕಬ್ಬಿಣದ ಉಷ್ಣತೆ 770 ಡಿಗ್ರಿ ಸೆಲ್ಸಿಯಸನ್ನು ಮೀರಿದರೆ ಅದರ ಕಾಂತಗುಣ ಮಾಯವಾಗುತ್ತದೆ. ತಣಿದಾಗ ಮರಳಿ ಬರುತ್ತದೆ. ತಿಕೋಟಾದ ಕಂಬಾರಸಾಲೆಯಲ್ಲಿಯೇ ನಮ್ಮ ವಿದ್ಯಾರ್ಥಿಗಳು ಇದನ್ನು ಪರೀಕ್ಷಿಸಿ ನೋಡಬಹುದು. (ಅಯಸ್ಕಾಂತವನ್ನು ಉದ್ದನೆಯ ಕೋಲಿನ ತುದಿಗೆ ಕಟ್ಟಿಕೊಳ್ಳುವುದು ಮೇಲು.) ಕಬ್ಬಿಣದ ಪ್ರತಿಯೊಂದು ಪರಮಾಣುವೂ ಒಂದು ಕಿರಿಯ ಅಯಸ್ಕಾಂತ. ಶಾಖದ ಗದ್ದಲದಲ್ಲಿ ಅವುಗಳ ಶಿಸ್ತು ಕೆಡುತ್ತದೆಯೇ ಹೊರತು ಅವು ನಾಶವಾಗುವುದಿಲ್ಲ. ಈ ಮಾತು ಮುಂದೆ ನಮಗೆ ಬೇಕಾಗುತ್ತದೆ.

1911ರಲ್ಲಿ ಹಾಲೆಂಡಿನ ಕಾಮರ್ಲಿಂಗ್ ಓನ್ನೆಸ್, 4.2 ಕೆಲ್ವಿನ್‌ಗೆ ತಣಿಸಿದ ಪಾದರಸದಲ್ಲಿ ವಿದ್ಯುತ್ತಿಗೆ ರೋಧವೇ ಇಲ್ಲದಂತಾಗುವುದನ್ನು ಕಂಡನು. ಇದೇ ಅತಿವಾಹಕತೆ. ಇದರ ಕಾರಣವನ್ನು ಬಾರ್ಡೀನ್, ಕೂಪರ್, ಶ್ರೀಫರ್ ಎಂಬ ಮೂವರು 1957ರಲ್ಲಿ ವಿವರಿಸಿದರು. ಸ್ಫಟಿಕದ ಪರಮಾಣುಗಳ ಕಂಪನವು ಎಲೆಕ್ಟ್ರಾನುಗಳನ್ನು ಎರಡೆರಡಾಗಿ ಜೋಡಿಸುತ್ತದೆ. ಜೋಡಿಯನ್ನು ಒಡೆಯಲು ಒಂದೊಂದು ಎಲೆಕ್ಟ್ರಾನಿಗೂ ಕೊಡಬೇಕಾದ ಕನಿಷ್ಠ ಶಕ್ತಿಯೇ ‘ಶಕ್ತ್ಯಂತರ’. ಜೋಡಿಯ ಎರಡು ಎಲೆಕ್ಟ್ರಾನುಗಳ ಗಿರಕಿ ಪರಸ್ಪರ ವಿರುದ್ಧ. ಹತ್ತಿರವಿರುವ ಕಾಂತಪರಮಾಣುವು ಎರಡನ್ನೂ ಒಂದೇ ಕಡೆಗೆ ತಿರುಗಿಸಲೆಳಸುವುದರಿಂದ ಜೋಡಿ ಮುರಿಯುತ್ತದೆ. ಲ್ಯಾಂಥನಂ ಲೋಹಕ್ಕೆ ನೂರಕ್ಕೆ ಒಂದು ಪಾಲಿನಷ್ಟು ಗ್ಯಾಡೊಲಿನಿಯಂ ಬೆರೆಸಿದರೆ ಅದರ ಅತಿವಾಹಕತೆ ಬಹುಮಟ್ಟಿಗೆ ಅಳಿದುಹೋಗುತ್ತದೆ. ಆದಕಾರಣ ಅತಿವಾಹಕಗಳನ್ನು ಹುಡುಕುವವರು ಕಬ್ಬಿಣವನ್ನು ದೂರವಿಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

2008ರಲ್ಲಿ ಟೋಕಿಯೋದ ಹೊಸೊನೊ ಮತ್ತು ಅವರ ಸಂಗಡಿಗರು ಈ ನಂಬಿಕೆಯನ್ನು ಅಲುಗಿಸಿದರು. ಲ್ಯಾಂಥನಂ, ಕಬ್ಬಿಣ, ಆರ್ಸೆನಿಕ್, ಆಮ್ಲಜನಕಗಳ ಸಂಯುಕ್ತದಲ್ಲಿ ಆಮ್ಲಜನಕದ ಒಂದು ಪಾಲನ್ನು ತೆಗೆದು ಫ್ಲೋರಿನ್ ಸೇರಿಸಿದಾಗ, ಅದು 26 ಕೆಲ್ವಿನ್‌ನಲ್ಲಿ ಅತಿವಾಹಕವಾಯಿತು. ಲ್ಯಾಂಥನಂ ಬದಲು ಸಮೇರಿಯಂ ಇಟ್ಟು, ಅದೇ ವರ್ಷ 55 ಕೆಲ್ವಿನ್ ಮುಟ್ಟಲಾಯಿತು. ಫ್ಲೋರಿನ್ ಸೇರಿಸದ ಮೂಲ ಸಂಯುಕ್ತವಾದರೋ ಅತಿವಾಹಕವಲ್ಲ. ಸುಮಾರು 137 ಕೆಲ್ವಿನ್‌ಗಿಂತ ಕೆಳಗೆ ಅದರ ಕಬ್ಬಿಣದ ಪರಮಾಣುಗಳು ಪಟ್ಟೆಪಟ್ಟೆಯಾಗಿ ನಿಲ್ಲುತ್ತವೆ: ಒಂದು ಸಾಲಿನ ಅಯಸ್ಕಾಂತಗಳೆಲ್ಲ ಒಂದು ಕಡೆಗೆ, ಪಕ್ಕದ ಸಾಲಿನವು ವಿರುದ್ಧ ಕಡೆಗೆ. ಫ್ಲೋರಿನ್ ಈ ಕ್ರಮವನ್ನು ಕೆಡಿಸುತ್ತದೆ. ಆದರೆ ಕಾದ ಕುಳದಲ್ಲಿ ಕಂಡಂತೆ, ಕ್ರಮ ಕೆಟ್ಟಮಾತ್ರಕ್ಕೆ ಕಾಂತತ್ವ ಇಲ್ಲವಾಗದು. ಪಟ್ಟೆಗಳು ಮೂಡಿ ಅಳಿಯುತ್ತ ತುಯ್ದಾಡುತ್ತಿರುತ್ತವೆ.

ಪರಮಾಣುಗಳ ಕಂಪನವೊಂದರಿಂದಲೇ ಇಷ್ಟು ಹೆಚ್ಚಿನ ಉಷ್ಣತೆ ಸಾಧ್ಯವಿಲ್ಲವೆಂದು ಲೆಕ್ಕಗಳು ತಿಳಿಸಿದವು. ಹಾಗಾದರೆ ಜೋಡಿಸುವವರು ಯಾರು? ಈ ತುಯ್ದಾಟವೇ ಎಂದು ಅದೇ ವರ್ಷ ಮಾಜಿನ್ ಮತ್ತು ಸಂಗಡಿಗರು ಸೂಚಿಸಿದರು. ಈ ವಸ್ತುಗಳಲ್ಲಿ ಎಲೆಕ್ಟ್ರಾನುಗಳು ತಮ್ಮ ಸಂವೇಗಕ್ಕೆ ತಕ್ಕಂತೆ ಎರಡು ಪಂಗಡಗಳಾಗಿವೆ. ಕಾಂತತ್ವದ ತುಯ್ದಾಟವು ಜೋಡಿಗಳನ್ನು ಒಂದು ಪಂಗಡದಿಂದ ಇನ್ನೊಂದಕ್ಕೆ ಎಸೆಯುತ್ತದೆ. ಆದರೆ ಈ ಕ್ರಿಯೆ ವಿಕರ್ಷಕ, ವಿಕರ್ಷಣೆ ಬೆಸೆಯುವುದುಂಟೆ?

ಉಂಟು. ಶಕ್ತ್ಯಂತರಕ್ಕೆ ಪರಿಮಾಣದಂತೆ ಚಿಹ್ನೆಯೂ ಇದೆ. ಪಂಚಮಿ ಹಬ್ಬದಲ್ಲಿ ಬೇವಿನ ಮರಕ್ಕೆ ಕಟ್ಟಿದ ಎರಡು ಜೋಕಾಲಿಗಳನ್ನು ನೆನೆಯಿರಿ. ಒಂದು ಮುಂದಕ್ಕೆ ಬಂದಾಗಲೆಲ್ಲ ಮತ್ತೊಂದು ಹಿಂದಕ್ಕೆ ಹೋದರೆ, ಜೀಕಿನ ಎತ್ತರ ಒಂದೇ ಆದರೂ ದಿಕ್ಕು ವಿರುದ್ಧ. ಹಾಗೆಯೇ ಒಂದು ಪಂಗಡದ ಅಂತರ ಧನ, ಇನ್ನೊಂದರದು ಋಣವಾದರೆ ಅವುಗಳ ಗುಣಲಬ್ಧ ಋಣ. ಧನವಾದ ವಿಕರ್ಷಣೆಯನ್ನು ಅದರಿಂದ ಗುಣಿಸಿದಾಗ ಒಟ್ಟು ಶಕ್ತಿ ಇಳಿಯುತ್ತದೆ, ಜೋಡಿ ಉಳಿಯುತ್ತದೆ. ಈ ಶಾಸ್ತ್ರದಲ್ಲಿ ಇದಕ್ಕಿಂತ ಸೊಗಸಾದ ಲೆಕ್ಕ ನಮಗೆ ಕಂಡಿಲ್ಲ.

ಲೆಕ್ಕ ಸೊಗಸಾದರೆ ಸಾಲದು, ಪ್ರಯೋಗ ಒಪ್ಪಬೇಕು. ಬೇರಿಯಂ, ಪೊಟ್ಯಾಸಿಯಂ, ಕಬ್ಬಿಣ, ಆರ್ಸೆನಿಕ್‌ಗಳ ಸಂಯುಕ್ತವೊಂದು 37 ಕೆಲ್ವಿನ್‌ನಲ್ಲಿ ಅತಿವಾಹಕವಾಗುತ್ತದೆ. 1957ರ ಸಿದ್ಧಾಂತದಂತೆ ಅದರ ಅಂತರ 1.76 × 0.0862 × 37, ಎಂದರೆ ಸುಮಾರು 5.6 ಮಿಲಿ-ಎಲೆಕ್ಟ್ರಾನ್‌ವೋಲ್ಟ್ ಇರಬೇಕು. ಬೆಳಕಿನಿಂದ ಎಲೆಕ್ಟ್ರಾನುಗಳನ್ನು ಹೊರಡಿಸಿ ಅಳೆದಾಗ ಎರಡು ಅಂತರಗಳು ಸಿಕ್ಕವು: ಸುಮಾರು 6 ಮತ್ತು 12. ಆದರೆ ಈ ವಿಧಾನ ಚಿಹ್ನೆಯನ್ನು ಹೇಳಲಾರದು. ಜೋಕಾಲಿಯ ಎತ್ತರವನ್ನು ಅಳೆದು ಅದರ ದಿಕ್ಕನ್ನು ಹೇಳಲಾಗದಷ್ಟೆ. ಆ ಸುಳಿವು ನ್ಯೂಟ್ರಾನುಗಳಿಂದ ದೊರೆಯಿತು. ಇದೇ ಬಗೆಯ ಸಂಯುಕ್ತವು ಅತಿವಾಹಕವಾದೊಡನೆ, ಪಟ್ಟೆಗಳಿಗೆ ಹೊಂದುವ ಸಂವೇಗದಲ್ಲಿಯೇ 14 ಮಿಲಿ-ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಬಳಿ ನ್ಯೂಟ್ರಾನುಗಳ ಚದರಿಕೆ ಹೆಚ್ಚಿತು. ಎರಡು ಅಂತರಗಳ ಚಿಹ್ನೆ ವಿರುದ್ಧವಾಗಿದ್ದರೆ ನಿರೀಕ್ಷಿಸಬೇಕಾದುದು ಇದೇ.

ಎಲ್ಲ ಸಂಯುಕ್ತಗಳೂ ಇಷ್ಟು ವಿಧೇಯವಲ್ಲ. ಕಬ್ಬಿಣ ಮತ್ತು ಸೆಲೆನಿಯಂಗಳ ಸಂಯುಕ್ತವು ಸಾಮಾನ್ಯ ಒತ್ತಡದಲ್ಲಿ ಕಾಂತಕ್ರಮಕ್ಕೆ ಬಾರದೆಯೇ 8 ಕೆಲ್ವಿನ್‌ನಲ್ಲಿ ಅತಿವಾಹಕವಾಗುತ್ತದೆ. ಅದರ ಒಂದೇ ಪದರವನ್ನು ಸ್ಟ್ರಾನ್ಷಿಯಂ ಟೈಟನೇಟಿನ ಮೇಲೆ ಬೆಳೆಸಿ ನೋಡಿದಾಗ ಅಂತರವು 60 ಕೆಲ್ವಿನ್‌ನ ಆಚೆಗೂ ಉಳಿಯಿತು. ಆ ಪದರದಲ್ಲಿ ಎರಡು ಪಂಗಡಗಳ ಪೈಕಿ ಒಂದು ಇಲ್ಲವೇ ಇಲ್ಲ. ಎದುರು ಜೀಕುವ ಜೋಕಾಲಿ ಅಲ್ಲಿ ಯಾವುದು ಎಂಬುದರ ಬಗ್ಗೆ ವಿಜ್ಞಾನಿಗಳ ವಾದ ಇನ್ನೂ ನಡೆದಿದೆ.