ಒಟವಾಲೊ ಸಂತೆಯಲ್ಲಿ ಡಾಲರ್

ಹಣದ ಅಧ್ಯಾಯ ಓದುವಾಗ, ಸ್ವಂತ ಕರೆನ್ಸಿ ಇಲ್ಲದ ದೇಶವೂ ಇದೆಯೇ ಎಂದು ಹುಡುಕಿದೆ. ಈಕ್ವೆಡಾರ್ ಸಿಕ್ಕಿತು. ಅಲ್ಲಿ ಆಂಡಿಸ್ ಪರ್ವತಗಳ ನಡುವೆ, ಸುಮಾರು 2,500 ಮೀಟರ್ ಎತ್ತರದಲ್ಲಿ ಒಟವಾಲೊ ಎಂಬ ಪುಟ್ಟ ಊರಿದೆ. ಶನಿವಾರದ ಸಂತೆಯಲ್ಲಿ ಕಿಚ್ವಾ ನೇಕಾರರು ಪ್ರವಾಸಿಗರಿಗೆ ಶಾಲು, ಕಂಬಳಿ ಮಾರುತ್ತಾರೆ. ಬೆಲೆ ಹೇಳುವುದು ಮಾತ್ರ ಅಮೆರಿಕದ ಡಾಲರಿನಲ್ಲಿ!

1999ರಲ್ಲಿ ಆ ದೇಶದ ಬ್ಯಾಂಕುಗಳು ಕುಸಿದವು. ಜನ ತಮ್ಮ ಠೇವಣಿ ತೆಗೆಯದಂತೆ ಸರ್ಕಾರ ತಡೆ ಹಾಕಿತು. 2000ದಲ್ಲಿ 25,000 ಸುಕ್ರೆಗೆ ಒಂದು ಡಾಲರ್ ಎಂದು ನಿಗದಿಪಡಿಸಿ, ಸುಕ್ರೆಯನ್ನೇ ಕೈಬಿಟ್ಟಿತು. ಕೂಡಿಟ್ಟ ಲಕ್ಷ ಸುಕ್ರೆಗೆ ನಾಲ್ಕೇ ಡಾಲರ್!

ಆಮೇಲೆ ಬೆಲೆಯೇರಿಕೆ ತಗ್ಗಿತು, ನಿಜ. ಆದರೆ ಪಕ್ಕದ ಕೊಲಂಬಿಯಾದ ಪೆಸೊ ಇಳಿದಾಗ ಅಲ್ಲಿಯ ಸರಕು ಅಗ್ಗವಾಗುತ್ತದೆ. ಈಕ್ವೆಡಾರಿಗೆ ಇಳಿಸಲು ತನ್ನದೇ ಕರೆನ್ಸಿ ಇಲ್ಲ. ಪೈಪೋಟಿಗೆ ನಿಲ್ಲಲು ನೇಕಾರ ತನ್ನ ಕೂಲಿಯನ್ನೇ ಇಳಿಸಬೇಕು. ಆ ಸಂತೆಯಲ್ಲಿ ಚೌಕಾಸಿ ವಾಡಿಕೆಯಂತೆ. ನಮ್ಮ ಅಮ್ಮಿಯಾದರೆ ಅರ್ಧ ಬೆಲೆಗೇ ಕೇಳುತ್ತಿದ್ದರು.